ಉಪ್ಪುಕಾಗದ

ಟೆಕ್ಸಸ್ಸಿನ ನಮ್ಮ ಈ ಸುಣ್ಣಕಲ್ಲಿನ ನೆಲಕ್ಕೆ
ಸೆಪ್ಟೆಂಬರ್ ಬಂದರೂ ಜ್ವರ ಬಿಟ್ಟಿರುವುದಿಲ್ಲ.
ಕಾಫಿ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿ
ಬ್ಲೂಬಾನೆಟ್ ಬೀಜ ಆರಿಸುತ್ತೇನೆ.
ಬೀಜವೋ, ಬೂಟಿನೊಳಗೆ ಸಿಕ್ಕ ಹರಳೋ,
ನನ್ನ ಕನ್ನಡಕಕ್ಕೂ ಅನುಮಾನ.

ಎರಡು ಉಪ್ಪುಕಾಗದದ ನಡುವೆ ಇಟ್ಟು
ಅಂಗೈಯಲ್ಲಿ ಒಂದು ಸುತ್ತು, ಹಗುರಾಗಿ.
‘ನೋಯಲ್ವಾ ಅದಕ್ಕೆ?’ ಮೊಮ್ಮಗಳು ಕೋರಾ.
ಗೀರು ಬೀಳದೆ ನೀರು ಇಳಿಯೋದಿಲ್ಲ ಮಗಾ,
ಕೆಲವರ ಥರ, ಎಂದು
ಕಿಟಕಿಯಾಚೆ ಓಡೆಲ್ ಟಿಲ್ಮನ್ನನ ಮನೆ ಕಡೆ ನೋಡಿದೆ.
ಅವಳು ಒಂದು ಹಿಡಿ ಬೀಜ ಕದ್ದು ಜೇಬಿಗಿಳಿಸಿದಳು.
ನೋಡದ ಹಾಗಿದ್ದೆ.

ರಾತ್ರಿಯೆಲ್ಲ ನೆನೆಸಿ, ಬೆಳಿಗ್ಗೆ ಚೆಲ್ಲಿ,
ಮೇಲೆ ನಡೆದಾಡಬೇಕು, ಅಷ್ಟೇ.
ಗೊಬ್ಬರ ಹಾಕಿದರೆ ಬರೀ ಎಲೆಯ ಜಂಬ.
ನೀರು ಜಾಸ್ತಿಯಾದರೆ ಬೇರು ಕೊಳೆತು ಸಾಯುತ್ತದೆ.
ಚಳಿಗಾಲವಿಡೀ ನೆಲಕ್ಕಂಟಿಕೊಂಡು
ಐದು ಬೆರಳಿನ ಎಲೆ,
ನಡುವೆ ಒಂದೇ ಹನಿ ಹಿಡಿದುಕೊಂಡು.
ಸತ್ತಿದೆ ಅಂತ ಕಿತ್ತುಬಿಡಬೇಡಿ.

ಏಪ್ರಿಲ್ಲಿನಲ್ಲಿ ನೀಲಿ. ಅದರ ಮಾತು ಬೇಡ,
ಎಲ್ಲರೂ ಬಂದು ಫೋಟೋ ತೆಗೆದುಕೊಂಡು ಹೋದರು.
ಮೇ ತಿಂಗಳ ಮಾತು ಹೇಳುತ್ತೇನೆ:
ಹೂವೆಲ್ಲ ಕಾಯಾಗಿ, ಕಾಯೆಲ್ಲ ಕಂದಾಗಿ,
ಅಂಗಳ ಜಗಳವಾಡಿದ ತಲೆಗೂದಲಿನಂತಿದ್ದಾಗ
ಓಡೆಲ್ ಪಟ್ಟಣದ ಕಚೇರಿಗೆ ಬರೆದ:
ಕಳೆ. ಮೊಣಕಾಲೆತ್ತರ. ಹಾವಿರಬಹುದು.
ಹಳದಿ ನೋಟೀಸು ಬಂತು, ಹಿಂದೆಯೇ
ಟೇಪು ಹಿಡಿದ ಹುಡುಗ.
ಹತ್ತು ದಿನ ಕೊಡಪ್ಪಾ ಎಂದೆ.
ಅವನು ಅಳೆಯುತ್ತಿದ್ದಾಗಲೇ ಒಂದು ಕಾಯಿ
ಟಪ್ಪೆಂದು ತಿರುಚಿ ಒಡೆದು
ಕೆನ್ನೆಗೆ ಬೀಜ ಸಿಡಿಯಿತು.
ನಕ್ಕ. ಹದಿನಾಲ್ಕು ದಿನ ಎಂದು ಬರೆದುಕೊಂಡ.

ಅದಾಗಿ ಮೂರು ವರ್ಷ.
ಎರಡು ವರ್ಷ ಮಳೆ ಮುಖ ತೋರಿಸಲಿಲ್ಲ.
ನಾನು ಜೋಪಾನ ಮಾಡಿದ್ದರಲ್ಲಿ ಬಂದದ್ದು
ಈ ಸಲ ಹದಿನೇಳೇ ಗಿಡ.
ಓಡೆಲ್‌ನ ಜಲ್ಲಿ ಹಾಸಿದ ದಾರಿಯಲ್ಲಿ ಮಾತ್ರ,
ಟ್ರಕ್ಕಿನ ಎರಡು ಗಾಲಿಗಳ ನಡುವೆ,
ಬಾಗಿಲ ತನಕ ನೀಲಿ.
ಕೋರಾಳನ್ನು ಕೇಳಿದೆ.
‘ಆವತ್ತು ಉಜ್ಜಿಸಿಕೊಳ್ಳದೆ ಉಳಿದವು, ಅಜ್ಜಿ,
ಅಲ್ಲಿ ಬಚ್ಚಿಟ್ಟಿದ್ದೆ.’

ಟ್ರಕ್ಕು ಈಗ ಬೀದಿಯಲ್ಲಿ ನಿಲ್ಲುತ್ತದೆ.
ಓಡೆಲ್ ದಿನಸಿ ಚೀಲ ಎತ್ತಿಕೊಂಡು
ಅಂಚಿನಲ್ಲಿ ಕಾಲು ಹುಡುಕುತ್ತ ನಡೆಯುತ್ತಾನೆ.
ನಿನ್ನೆ ಬೇಲಿಯ ಹತ್ತಿರ ಬಂದ, ಕೈಯಲ್ಲಿ ಪೈಪು.
‘ಆಲ್ಬೀನಾ, ಇದಕ್ಕೆ ನೀರು ಹಾಕಬೇಕಾ?’
ಬೇಡ.
‘ಮತ್ತೆ ಏನು ಮಾಡಬೇಕು?’
ಏನೂ ಬೇಡ. ಮೇ ತಿಂಗಳಲ್ಲಿ ಕತ್ತರಿಸಬೇಡ.

ಪೈಪು ಕೆಳಗಿಟ್ಟ.
ಇಬ್ಬರೂ ನೋಡುತ್ತ ನಿಂತೆವು,
ಅವನ ಕಾಲಿಗೆ ಬೆಂಕಿ ಇರುವೆ ಹತ್ತುವ ತನಕ.