ಬರೀ ಮುಚ್ಚಳಗಳು

ನಾನು ಮಾರುವುದು ಮುಚ್ಚಳ ಮಾತ್ರ.
ಟೀಪಾಟು ಕೇಳಬೇಡಿ, ಇಲ್ಲ.

ಹಡಗುಕಟ್ಟೆಯ ಎದುರಿಗೇ ಚಿಕ್ಕಮ್ಮನ ಚಹಾ ಅಂಗಡಿಯಿತ್ತು.
ಹಡಗು ತಡವಾದರೆ ಜನ ಅಲ್ಲೇ ಕಾಯುವರು,
ಸ್ಟ್ರಾಮ್‌ನೆಸ್ಸಿನಲ್ಲಿ ಅದು ತಡವಾಗದ ದಿನ ಕಡಿಮೆ.
ನಲವತ್ತು ವರ್ಷದಲ್ಲಿ ಒಡೆದದ್ದೆಲ್ಲ ಪಾಟುಗಳೇ,
ಮೊದಲು ಮೂತಿ, ಆಮೇಲೆ ಕಿವಿ.
ಮುಚ್ಚಳಗಳು ಬಿಸ್ಕತ್ತಿನ ಡಬ್ಬಿ ಸೇರಿ
ತಲೆಯಿಲ್ಲದ ಟೋಪಿಗಳ ಹಾಗೆ
ಒಂದರ ಮೇಲೊಂದು ಕೂತವು.
ಉಳಿದ ಲೋಕದಲ್ಲಿ ಮುಚ್ಚಳವೇ ಮೊದಲು ಒಡೆಯುವುದಂತೆ.
ಹಾಗಾಗಿ ಈ ವ್ಯಾಪಾರ.

ಮೊದಲ ಸಲ ಅಂದಾಜಿಗೆ ಬರೆದೆ:
ಅಂಚೆ ಖರ್ಚು, ಒಂದು ಪೌಂಡು.
ತೊಂಬತ್ತು ಗ್ರಾಂ ಪಿಂಗಾಣಿ, ಎಷ್ಟಾದೀತು?
ಸುತ್ತುವ ಕಾಗದಕ್ಕೂ ತೂಕವಿದೆಯೆಂದು ಯಾರು ಹೇಳಿದ್ದರು?
ಗುಳ್ಳೆಗುಳ್ಳೆಯ ಹಾಳೆ, ಒಳಗೆ ಬರೀ ಗಾಳಿ,
ಅದಕ್ಕೂ ತೂಕ.
ರಟ್ಟು, ಟೇಪು, ‘ಒಡೆಯುವ ವಸ್ತು’ ಎಂಬ ಚೀಟಿ,
ಚೀಟಿಯ ಬೆನ್ನಿನ ಅಂಟು.
ಅಂಚೆ ಕಚೇರಿಯ ಡೇವಿ ಇಸ್ಬಿಸ್ಟರ್ ತಕ್ಕಡಿಗಿಟ್ಟು
ನನ್ನ ಮುಖ ನೋಡದೆ ಬೆಲೆ ಹೇಳಿದ.
ಎರಡು ಪೌಂಡಿನ ಮುಚ್ಚಳ ಮಾರಿ
ಕೈಯಿಂದ ಒಂದು ಪೌಂಡು ಮೂವತ್ತು ಪೆನ್ಸ್ ಕೊಟ್ಟು
ಎದುರುಗಾಳಿಯಲ್ಲಿ ಮನೆಗೆ ನಡೆದೆ.

ಮುಂದಿನ ಸಲ ಧಾರಾಳವಾಗಿ ಹಾಕಿದೆ.
ಲೀಡ್ಸಿನ ಹೆಂಗಸು ಲಕೋಟೆಯ ಮೇಲಿನ ದರ ಓದಿ ಬರೆದಳು:
ಎಂಬತ್ತು ಪೆನ್ಸ್ ಎಲ್ಲಿ ಹೋಯಿತು, ಮೆರನ್?
ನನ್ನ ಹೆಸರು ಹಿಡಿದು. ಅಮ್ಮ ಕರೆದ ಹಾಗೆ.
ಹಣ ಹಿಂದಿರುಗಿಸುವ ಬಟನ್ನು ಆಗ ಗೊತ್ತಿರಲಿಲ್ಲ,
ನಾಣ್ಯಗಳನ್ನೇ ರಟ್ಟಿಗೆ ಅಂಟಿಸಿ ಕಳಿಸಿದೆ.
ಎಂಬತ್ತು ಪೆನ್ಸ್ ಮುಟ್ಟಿಸಲು ಎಷ್ಟಾಯಿತೆಂದು
ಡೇವಿಗೆ ಗೊತ್ತು, ನಿಮಗೆ ಬೇಡ.

ಅವಳ ಸಿಟ್ಟು ನನಗೆ ಹೊಸದಲ್ಲ.
ಹೀಟರ್ ತರಿಸಿದಾಗ ಬರ್ಮಿಂಗ್‌ಹ್ಯಾಮಿನ ಅಂಗಡಿ
‘ದ್ವೀಪಗಳಿಗೆ ಇಪ್ಪತ್ತು ಹೆಚ್ಚು’ ಅಂದಿತ್ತು.
ಕೆಲವು ನಕ್ಷೆಗಳಲ್ಲಿ ನಮ್ಮನ್ನು ಎತ್ತಿ
ಮೂಲೆಯ ಚೌಕದೊಳಗೆ ಕೂರಿಸುತ್ತಾರಲ್ಲ,
ಆ ಚೌಕದ ಬಾಡಿಗೆ ಇರಬೇಕು.

ಈಗ ಕ್ರಮವೇ ತಿರುಗಿದೆ.
ಗಿರಾಕಿ ಬರುವ ಮೊದಲೇ ಕಟ್ಟುತ್ತೇನೆ,
ಹಿಟ್ಟು ತೂಗುವ ತಕ್ಕಡಿ ಒರೆಸಿ ತೂಗುತ್ತೇನೆ,
ಬಿಚ್ಚಿ ಫೋಟೋ ತೆಗೆದು ಮತ್ತೆ ಕಟ್ಟುತ್ತೇನೆ.
ಪೆನ್ಸಿನ ತನಕ ಬರೆಯುತ್ತೇನೆ. ದುಂಡು ಮಾಡುವುದಿಲ್ಲ.

ಆದರೂ ಡೇವಿಯ ಬಳಿ ಸೀಳು ಕೊರೆದ ಹಲಗೆಯೊಂದಿದೆ.
ಎರಡೂವರೆ ಸೆಂಟಿಮೀಟರ್ ತನಕ ಅದು ಕಾಗದ,
ದಾಟಿದರೆ ಪಾರ್ಸಲ್.
ಚಪ್ಪಟೆ ಮುಚ್ಚಳ ಸಲೀಸಾಗಿ ನುಸುಳೀತು,
ನೆತ್ತಿಯ ಗುಬುಟು ಬಿಡಬೇಕಲ್ಲ.
ಎಷ್ಟು ತೆಳ್ಳಗೆ ಸುತ್ತಿದರೂ ಎರಡು ಮಿಲಿಮೀಟರ್ ಹೊರಗೆ.
ಮೂಗಿಗಿಂತ ಮೂಗುತಿ ಭಾರ.

ಕಾರ್ನ್‌ವಾಲಿನ ಟ್ರೆವೊರೋ ಎಂಬಾತನಿಗೆ ಕಂದು ಮುಚ್ಚಳ ಬೇಕಿತ್ತು,
ಅಡ್ಡಗಲ ಎಪ್ಪತ್ತೆರಡು ಮಿಲಿಮೀಟರ್.
ನಿಜವನ್ನೇ ಬರೆದೆ: ಸ್ವಾಮಿ, ಮುಚ್ಚಳಕ್ಕೆ ಎರಡು,
ಅದರ ಗುಬುಟಿಗೆ ಹೆಚ್ಚು ಕಡಿಮೆ ಇನ್ನೆರಡು.
ಮುರಿದು ಕಳಿಸಿದರೆ ನಿಮಗೆ ಅಗ್ಗ.
ನಕ್ಕನೋ ಇಲ್ಲವೋ ಗೊತ್ತಿಲ್ಲ.
ಇಡಿಯಾಗಿಯೇ ಇರಲಿ ಎಂದು ದುಡ್ಡು ಕಟ್ಟಿದ.

ಮೂರು ದಿನ ಹಡಗು ಹೊರಡಲಿಲ್ಲ. ನಾಲ್ಕನೆಯ ದಿನ ಹೋಯಿತು.

ಹತ್ತು ದಿನದ ಮೇಲೆ ಅವನ ಪತ್ರ:
ಅಳತೆ ತಪ್ಪಾಗಿದೆ. ತಪ್ಪು ನನ್ನದೇ,
ಅಂಚಿನ ಒಳಗೆ ಅಳೆಯುವ ಬದಲು ಹೊರಗೆ ಅಳೆದೆ.
ಸಡಿಲ ಕೂತು ಟಕಟಕ ಅನ್ನುತ್ತದೆ.
ವಾಪಸ್ಸು ಕಳಿಸಲು ಮತ್ತದೇ ಅಂಚೆ ಖರ್ಚು,
ಇಲ್ಲೇ ಇರಲಿ ಬಿಡಿ.
ಸುರಿಯುವಾಗ ಬೀಳದ ಹಾಗೆ
ಒಂದು ಬೆರಳಿಂದ ಆ ಗುಬುಟು ಒತ್ತಿ ಹಿಡಿಯುತ್ತೇನೆ.
ಬಿಸಿ ಇರುತ್ತದೆ,
ತೀರ ಬಿಸಿಯಲ್ಲ.