ಹೋದ ದಿನಾಂಕ, ಮರಳಿದ ದಿನಾಂಕ

ಮಂಗಳವಾರ. ಸ್ಯಾಗಿನಾ ಊರಿನ ಲೈಬ್ರರಿಯ ನೆಲಮಾಳಿಗೆ.
ಮಡಚುವ ಮೇಜು, ಎರಡು ಪೆನ್ನು,
ಹೀಟರಿನ ಮೇಲೆ ಒಣಗುತ್ತಿರುವ ಯಾರದೋ ಒಂಟಿ ಕೈಗವಸು.
ಅರ್ಜಿ ತುಂಬಿಕೊಡುತ್ತೇನೆ ನಾನು. ದುಡ್ಡಿಲ್ಲ, ಕಾಫಿ ಉಂಟು.

ಅಪ್ಪನೂ ಇದೇ ಕೆಲಸದವನು.
ಹಾಸನದ ತಾಲ್ಲೂಕು ಕಚೇರಿಯ ಕಾಂಪೌಂಡಿಗೆ ಬೆನ್ನು ಕೊಟ್ಟು
ಮಂಡಿಯ ಮೇಲೆ ಹಲಗೆ, ಹಲಗೆಯ ಮೇಲೆ ಕಾರ್ಬನ್ನು.
ಹೇಳುತ್ತಿದ್ದ: ನೋವನ್ನು ಮೊದಲ ಸಾಲಲ್ಲೇ ಬರೀಬೇಡ,
ಗುಮಾಸ್ತ ಬೆದರುತ್ತಾನೆ.
ಮೊದಲು ಸರ್ವೆ ನಂಬರು, ಆಮೇಲೆ ಚಕ್ಕುಬಂದಿ.
ನೋವು ಮೂರನೇ ಪ್ಯಾರಾದಲ್ಲೆಲ್ಲೋ
ತಾನೇ ಬಂದು ಕೂತುಕೊಳ್ಳುತ್ತೆ.

ಲೊರೇನ್ ವೊಯ್ತಾಸ್ ಬಂದಳು, ಎಪ್ಪತ್ತೇಳು,
ಬ್ಯಾಟರಿ ಸತ್ತ ಗಾಲಿಕುರ್ಚಿ ತಳ್ಳಿಕೊಂಡು.
ಕುರ್ಚಿಯಲ್ಲಿ ಮಗಳು ಡೆನೀಸ್, ಐವತ್ತೆರಡು.
ಹುಟ್ಟುವಾಗ ಬೆನ್ನುಹುರಿ ಮುಚ್ಚಿಕೊಂಡಿರಲಿಲ್ಲ.
"ಯುದ್ಧಕ್ಕೆ ಹೋಗದೆ ಗಾಯವಾದವಳು ನಾನು,
ಪದಕ ಯಾವ ಕಾಲಮ್ಮಿನಲ್ಲಿ ಕೇಳಬೇಕು?" ಅಂದು
ನನ್ನ ಬಿಸ್ಕತ್ತಿಗೆ ಕೈ ಹಾಕಿದಳು.

ಅವಳಪ್ಪ ಲಿಯೋನ್ ಅಲ್ಲಿ ಪೀಪಾಯಿ ಉರುಳಿಸುತ್ತಿದ್ದನಂತೆ,
ನಡುವಿಗೆ ಕಿತ್ತಳೆ ಪಟ್ಟಿ ಬಳಿದ ಪೀಪಾಯಿ.
ಖಾಲಿಯಾದದ್ದನ್ನು ಸೀಳಿ ಒಲೆ ಮಾಡಿ ಮಾಂಸ ಸುಟ್ಟರಂತೆ,
ಇನ್ನೊಂದಕ್ಕೆ ತೂತು ಕೊರೆದು ಸ್ನಾನ.
ಹೋದ ದಿನಾಂಕ? ಲೊರೇನ್ ತಡವರಿಸಿದಳು.
ಮರಳಿದ ದಿನಾಂಕ? "ಮಾರ್ಚ್ ಒಂಬತ್ತು. ಹಿಮ ಬೀಳುತ್ತಿತ್ತು.
ಚೀಲ ತುಂಬ ಮಾಸಿದ ಬಟ್ಟೆ ತಂದಿದ್ದ."

ಅವಳ ಹಿಂದೆಯೇ ನಿಂತಿದ್ದಳು ಹೊವಾಂಗ್ ಥಿ ನ್ಹಾನ್.
ಹ್ಯಾಮಿಲ್ಟನ್ ಬೀದಿಯಲ್ಲಿ ಹೊಲಿಗೆಯಂಗಡಿ;
ಲೊರೇನಳ ಪ್ಯಾಂಟು ಗಿಡ್ಡ ಮಾಡುತ್ತ ಮಾತಿಗೆ ಮಾತು ಬಂದು
ಇಲ್ಲಿಯ ದಾರಿ ಗೊತ್ತಾಗಿದೆ.
ಜೊತೆಗೆ ಮಗ ಕ್ವಾನ್, ಮೂವತ್ತೇಳು ವರ್ಷದ ಕೂಸು,
ಬಂದವನೇ ಡೆನೀಸಳ ಗಾಲಿಯ ಕಡ್ಡಿಗಳನ್ನು
ಒಂದೊಂದಾಗಿ ಮೀಟತೊಡಗಿದ.

ನ್ಹಾನ್ ಕಾಲಮ್ಮಿನ ಮೇಲೆ ಬೆರಳಿಟ್ಟು ಓದಿದಳು.
ಹೋದ ದಿನಾಂಕ.
"ನಾವು ಹೋಗಲಿಲ್ಲ. ಅಲ್ಲೇ ಇದ್ದೆವು.
ನಾನು ಹುಟ್ಟಿದ ದಿನ ಬರಕೊ."

ಬರೆದೆ. ಹೊಡೆದುಹಾಕಿದೆ.
ಡೆಟ್ರಾಯಿಟ್ಟಿನ ಕಚೇರಿಗೆ ಫೋನು, ನಲವತ್ತು ನಿಮಿಷ ಪಿಟೀಲು,
ಕೊನೆಗೊಬ್ಬ ನೆಗಡಿಯಾದ ಗಂಡಸು, ಒಳ್ಳೆಯವನೇ:
"ಸೈನಿಕರಿಗೆ, ಅಮ್ಮಾ. ಸೈನಿಕರ ಮಕ್ಕಳಿಗೆ.
ಬೇರೆಯವರಿಗೆ ಫಾರಂ ಇಲ್ಲ."

ಫಾರಂ ಇಲ್ಲದ್ದಕ್ಕೆ ಬಿಳಿ ಹಾಳೆ. ಅಪ್ಪನ ಕಸುಬು ಅದು.
ಮಾನ್ಯರೇ, ಎಂದು ಬರೆದು ಕೇಳಿದೆ:
ಸರ್ವೆ ನಂಬರು?
ನೆನಪಿಲ್ಲ.
ಹಾಗಾದರೆ ಚಕ್ಕುಬಂದಿ ಹೇಳು, ನಿಮ್ಮ ಮನೆಯದು.

ಪೂರ್ವಕ್ಕೆ ಬಾತುಕೋಳಿಯ ಹೊಂಡ.
ಪಶ್ಚಿಮಕ್ಕೆ ಹಲಸಿನ ಮರ; ಆ ವಾರ
ಬೇಸಿಗೆಯೂ ಅಲ್ಲ, ಏನೂ ಅಲ್ಲ, ಎಲೆಯೆಲ್ಲ ಉದುರಿತು.
ಉತ್ತರಕ್ಕೆ ಚಿಕ್ಕಮ್ಮನ ಗೆಣಸಿನ ಪಾತಿ. ಅಗೆದು ತಿಂದೆವು,
ಹಸಿವಾಗಿತ್ತು.
ದಕ್ಷಿಣಕ್ಕೆ ದಾರಿ.

ಮತ್ತೆ? ಎಂದಳು ನ್ಹಾನ್, ನಾನು ನಿಲ್ಲಿಸಿದ್ದು ನೋಡಿ,
"ಮೇಲಕ್ಕೆ ಬರೆಯೋದಿಲ್ಲವಾ?
ಮೇಲಿಂದ ತಾನೇ ಬಂದದ್ದು."

ಚಕ್ಕುಬಂದಿಯಲ್ಲಿ ಮೇಲಕ್ಕೆ ಎಂಬುದಿಲ್ಲ.
ಅಪ್ಪನಿಗೂ ಗೊತ್ತಿರಲಾರದು.
ಐದನೆಯದಾಗಿ ಸೇರಿಸಿದೆ: ಮೇಲಕ್ಕೆ ವಿಮಾನ.

ಸಾಕ್ಷಿ ಬೇಕಿತ್ತು. ಲೊರೇನ್ ಪೆನ್ನು ಎತ್ತಿಕೊಂಡಳು.
ನೀನೇನು ನೋಡಿದ್ದೀಯ, ಎಂದೆ.
"ಅವನ ಅಂಗಿ ಒಗೆದಿದ್ದೇನೆ," ಅಂದಳು,
"ಮೂರು ನೀರು. ವಾಸನೆ ಹೋಗಲಿಲ್ಲ."
ಸಹಿ ಹಾಕಿದಳು, ಅಕ್ಷರ ಅಕ್ಷರವಾಗಿ, ಶಾಲೆಯ ಹುಡುಗಿಯಂತೆ.

ಲಕೋಟೆಗೆ ವಿಳಾಸ ಇನ್ನೂ ಬರೆದಿಲ್ಲ.
ಯಾರಿಗೆ ಎಂದು ಮುಂದಿನ ಮಂಗಳವಾರ ಯೋಚಿಸಬೇಕು.
ನ್ಹಾನ್ ಅಷ್ಟರಲ್ಲಿ ಡೆನೀಸಳ ಕುರ್ಚಿಯ ದಿಂಬು ಬಿಚ್ಚಿ
ಹರಿದ ಹೊಲಿಗೆ ನೋಡುತ್ತಿದ್ದಾಳೆ.
ಕ್ವಾನ್ ಇನ್ನೂ ಮೀಟುತ್ತಿದ್ದಾನೆ.
ಡೆನೀಸ್ ಒಂದೊಂದು ಕಡ್ಡಿಗೂ ಒಂದೊಂದು ಹೆಸರಿಟ್ಟು
ಅವನಿಗೆ ಹೇಳಿಕೊಡುತ್ತಿದ್ದಾಳೆ,
ಹನ್ನೊಂದರವರೆಗೆ ಬಂದಿದ್ದಾರೆ.