ಇಪ್ಪತ್ತೊಂದನೆಯ ನಡೆ

ಅರುಸ್ಯಾಕ್ ಟೀಚರ್ ಫೋನು ಮಾಡಿದ್ದು ಇದು ಮೂರನೆಯ ಸಲ.
"ವಹ್ರಾಮ್ ಜಾನ್, ನಿನ್ನ ಟೀವಿ ಮತ್ತೆ ಮಂಕಾಯಿತು."

ನನ್ನದಲ್ಲ ಅದು. ಯೆರೆವಾನಿನಲ್ಲಿರುವ ಅವರ ತಂಗಿಯ ಮಗ ಕೊಡಿಸಿದ್ದು.
ಗೋಡೆಗೆ ಮೊಳೆ ಹೊಡೆದವನು ನಾನು, ಅಷ್ಟೇ.
ಗ್ಯೂಮ್ರಿಯಲ್ಲಿ ಮೊಳೆ ಹೊಡೆದವನೇ ಹೊಣೆ.

ಕಪ್ಪು ಕಲ್ಲಿನ ಕಟ್ಟಡ, ನಾಲ್ಕನೆಯ ಮಹಡಿ,
ಹೊರಗೆ ಹಿಮ ಗಟ್ಟಿಯಾಗಿ ಗಾಜಾಗಿದೆ.
ಒಲೆಯ ಮೇಲೆ ಕಾಡುಸೊಪ್ಪಿನ ಚಹಾ,
ತಟ್ಟೆಯಲ್ಲಿ ಒಣಗಿದ ಜರ್ದಾಳು,
ಗೋಡೆಯ ಮೇಲೆ ಆರೋಪಿ.

ಮೊದಲ ಸಲ ಅದರ ಕಣ್ಣನ್ನು ಹಿಡಿದೆ.
ಚೌಕಟ್ಟಿನ ಗದ್ದದಲ್ಲಿ ಸಾಸಿವೆಯಷ್ಟು ಕಣ್ಣು;
ಕೋಣೆ ಕತ್ತಲಾದರೆ ತಾನೂ ತಗ್ಗುವ ವಿನಯ.
ಅವಸರಕ್ಕೆ ಕರಿ ಟೇಪು ಅಂಟಿಸಿಬಿಟ್ಟೆ.
ಕಣ್ಣು ಕಟ್ಟಿದ್ದೇ ತಡ, ನಡುರಾತ್ರಿ ಎಂದುಕೊಂಡು
ಪೂರ್ತಿ ಮುಸುಕೆಳೆದುಕೊಂಡಿತು.
ಟೀಚರ್ ಏನೂ ಅನ್ನಲಿಲ್ಲ. ಹುಬ್ಬು ಎತ್ತಿದರು.
ಟೇಪು ಕಿತ್ತು, ಮೆನುವಿನ ಒಳಮನೆ ಹೊಕ್ಕು
ಕಣ್ಣನ್ನೇ ಕೆಲಸದಿಂದ ಬಿಡಿಸಿದೆ.

ಎರಡನೆಯ ಸಲ ಸಿಕ್ಕಿದ್ದು ವಿದ್ಯುತ್ ಉಳಿತಾಯ.
ಆಫ್ ಮಾಡಿದೆ.
"ಉಳಿಸುವುದನ್ನು ಯಾಕೋ ನಿಲ್ಲಿಸುತ್ತೀ?" ಗದರಿದರು.
ಉತ್ತರವಿರಲಿಲ್ಲ. ಚಹಾ ಕುಡಿದು ಇಳಿದುಬಂದೆ.

ಮೂರನೆಯ ಸಲ ಚೀಲ ಬಿಚ್ಚಲು ಬಿಡಲಿಲ್ಲ.
"ಸುಮ್ಮನೆ ಕೂತು ನೋಡು."
ಕೂತೆ.

ಎಲ್ಲೋ ಒಂದು ಸಭಾಂಗಣ. ಇಬ್ಬರು ಹುಡುಗರು,
ನಡುವೆ ಅರವತ್ನಾಲ್ಕು ಮನೆ.
ಕಪ್ಪಿನವನು ಯೋಚಿಸುತ್ತಿದ್ದ,
ಕೈ ಕೆನ್ನೆಗೆ, ಕಣ್ಣು ಕುದುರೆಗೆ.
ಒಂದು ನಿಮಿಷ. ಎರಡು.
ಮೂಲೆಯಲ್ಲಿ ಗಡಿಯಾರದ ಅಂಕಿಗಳು ಮಾತ್ರ ಇರುವೆಯ ಹಾಗೆ.
ಐದನೆಯ ನಿಮಿಷಕ್ಕೆ, ಯಾರೋ ಲಾಟೀನಿನ ಬತ್ತಿ ಇಳಿಸಿದಂತೆ,
ಹುಡುಗನ ಹಣೆಯ ಬೆಳಕು ಜಾರಿತು,
ಬಿಳಿಯ ಮನೆಗಳು ಬೂದಿಯಾದವು.

ಆಗ ಹೊಳೆಯಿತು.
"ಟೀಚರ್, ಚಿತ್ರ ಅಲುಗದಿದ್ದರೆ ಇದಕ್ಕೆ ಭಯ.
ಒಂದೇ ಚಿತ್ರ ಬಹಳ ಹೊತ್ತು ಉರಿದರೆ ಮುಖದ ಮೇಲೆ ಕಲೆ ನಿಲ್ಲುತ್ತದೆ ಅಂತ
ತಾನಾಗಿಯೇ ತಗ್ಗುತ್ತದೆ. ಮೆನುವಿನಲ್ಲಿ ಇದಕ್ಕೆ ಗುಂಡಿಯಿಲ್ಲ."

"ಅಂದರೆ, ಯೋಚಿಸುವವನು ಇದರ ಲೆಕ್ಕಕ್ಕೇ ಇಲ್ಲ."
"ಹಾಗೂ ಅನ್ನಬಹುದು."

"ಕರೆಂಟಿಲ್ಲದ ಆ ಚಳಿಗಾಲಗಳು ನೆನಪಿವೆಯಾ?
ಕೈಗವಸು ಹಾಕಿಕೊಂಡೇ ಆಡುತ್ತಿದ್ದಿರಿ, ನಡುವೆ ಒಂದು ಮೇಣದ ಬತ್ತಿ.
ಒಂದೇ ನಡೆಗೆ ಇಡೀ ಬತ್ತಿ ಸುಟ್ಟವನು ನೀನು.
ಆಮೇಲೆ ತಪ್ಪು ಕುದುರೆ ಎತ್ತಿದೆ."

ನೆನಪಿತ್ತು. ಬತ್ತಿ ಬ್ರೆಡ್ಡಿಗಿಂತ ದುಬಾರಿಯಾಗಿದ್ದ ಕಾಲ.
ಬೇಗ ಆಡು ಎಂದು ಒಮ್ಮೆಯೂ ಅವರು ಅಂದಿರಲಿಲ್ಲ.

ಸರ್ವಿಸ್ ರಿಮೋಟು ನನ್ನ ಜೇಬಿನಲ್ಲಿತ್ತು.
ಬೀಗ ಹಾಕಿದ ಆ ಒಳಕೋಣೆಗೆ ನುಗ್ಗಿ ಭಯವನ್ನೇ ಕಿತ್ತುಹಾಕಬಹುದು.
ಹೇಳಿದೆ: "ಮಾಡಿದರೆ ವಾರಂಟಿ ಹೋಗುತ್ತದೆ.
ನಾಳೆ ಕಲೆ ಬಿದ್ದರೆ, ಸುದ್ದಿ ನೋಡುವಾಗಲೂ
ಮಂತ್ರಿಯ ಮುಖದ ಮೇಲೆ ಚೌಕ ಕಾಣುತ್ತದೆ."
"ಮಂತ್ರಿ ಇರಬೇಕಾದದ್ದು ಚೌಕದಲ್ಲೇ ತಾನೇ?"
ನಕ್ಕು ನಕ್ಕು ಕೆಮ್ಮಿದರು. ಆದರೂ ಬೇಡವೆಂದರು.

ಸದ್ಯಕ್ಕೊಂದು ಉಪಾಯ: ವಾಲ್ಯೂಮ್ ಒತ್ತಿದರೆ
ಅಡಿಯಲ್ಲಿ ಒಂದು ಪಟ್ಟಿ ಮಿಂಚಿ ಮರೆಯಾಗುತ್ತದೆ.
ಅಷ್ಟು ಅಲುಗಿದರೆ ಸಾಕು ಅದಕ್ಕೆ, ದಡಬಡಿಸಿ ಎಚ್ಚರವಾಗುತ್ತದೆ.
ಟೀಚರ್ ಒತ್ತಿದರು. ನಾಲ್ಕು ನಿಮಿಷಕ್ಕೊಮ್ಮೆ,
ಪಂದ್ಯದ ಗಡಿಯಾರಕ್ಕೆ ತಟ್ಟುವ ಹಾಗೆ, ಮುಂಗೈ ತಿರುಗಿಸಿ.
ಹೆಚ್ಚು. ಕಡಿಮೆ. ಹೆಚ್ಚು.

ಇಪ್ಪತ್ತನೆಯ ನಡೆ ಮುಗಿದ ಮೇಲೆ ಒತ್ತಲಿಲ್ಲ.
ತೆರೆ ಇಳಿಯಿತು. ಮತ್ತೂ ಇಳಿಯಿತು.
ನಾನು ಅವರ ಕಡೆ ನೋಡಿದೆ: ಕೈ ಕೆನ್ನೆಗೆ,
ರಿಮೋಟು ಮಡಿಲಲ್ಲಿ, ತಣ್ಣಗಾದ ಲೋಟದಲ್ಲಿ ಎಲೆಯೊಂದು ನಿಂತಿದೆ.
ರಿಮೋಟಿಗೆ ಕೈ ಚಾಚಿದವನು
ಹಿಂದಕ್ಕೆಳೆದುಕೊಂಡೆ.

ಅರೆಗತ್ತಲಲ್ಲಿ ಒಂದು ಕೈ ಎದ್ದಿತು,
ಎತ್ತಿ ಇಟ್ಟಿತು. ತೆರೆ ಝಗ್ಗೆಂದಿತು.

"ನಿನ್ನ ಹಾಗೇ," ಅಂದರು ಟೀಚರ್,
"ತಪ್ಪು ಕುದುರೆ."